ಲೈಬ್ರರಿಯಲ್ಲೊಂದು ಸ್ಲೈಡ್ ಸಂಜೆ: ಹದಿಹರೆಯದವರಿಗಾಗಿ ನಡೆಸುವುದು ಹೇಗೆ

ಪರದೆಯ ಮೇಲೆ ಮೊದಲ ಸ್ಲೈಡ್ ಬಂತು. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ: ‘ಪೆನ್ನಿನ ಮುಚ್ಚಳಗಳು ಎಲ್ಲಿಗೆ ಹೋಗುತ್ತವೆ? ಒಂದು ತನಿಖಾ ವರದಿ.’ ಪಕ್ಕದಲ್ಲಿ ನಿಂತಿದ್ದ ಹುಡುಗನಿಗೆ ಹದಿನಾಲ್ಕು ವರ್ಷ. ಅಣ್ಣನ ಕೋಟು ಹಾಕಿಕೊಂಡು ಬಂದಿದ್ದ, ತೋಳು ಬೆರಳ ತುದಿಯವರೆಗೆ ಇಳಿದಿತ್ತು. ಎರಡನೇ ಸ್ಲೈಡಿನಲ್ಲಿ ಪೈ ಚಾರ್ಟ್. ಮೂರನೆಯದರಲ್ಲಿ ಶಂಕಿತರ ಪಟ್ಟಿ: ತಂಗಿ, ನಾಯಿ, ಸೋಫಾದ ಸಂದು, ಕೊನೆಗೆ ‘ಕಪ್ಪು ರಂಧ್ರ, ಇನ್ನೂ ಸಾಬೀತಾಗಿಲ್ಲ’. ಅವನು ಒಂದು ಸಲವೂ ನಗಲಿಲ್ಲ. ಸುದ್ದಿ ಓದುವವರ ಮುಖ ಇಟ್ಟುಕೊಂಡು ‘ತನಿಖೆ ಮುಂದುವರಿದಿದೆ’ ಎಂದು ಮುಗಿಸಿ ಹೋಗಿ ಕೂತ. ಕೋಣೆಯಲ್ಲಿದ್ದ ಮೂವತ್ತು ಜನ ಹೊಟ್ಟೆ ಹಿಡಿದುಕೊಂಡಿದ್ದರು.

ಸ್ಲೈಡ್ ಸಂಜೆ ಅಂದರೆ ಇಷ್ಟೇ. ಮಕ್ಕಳು ತಮಗಿಷ್ಟವಾದ ಒಂದು ಚಿಲ್ಲರೆ ವಿಷಯ ಹಿಡಿದು, ಅದನ್ನು ಕಂಪನಿಯ ಮೀಟಿಂಗಿನಷ್ಟು ಗಂಭೀರವಾಗಿ ಸ್ಲೈಡುಗಳ ಮೂಲಕ ಮಂಡಿಸುತ್ತಾರೆ. ವಿಷಯ ತಮಾಷೆ, ಮುಖ ಗಂಭೀರ. ಈ ಎರಡರ ನಡುವಿನ ಅಂತರದಲ್ಲೇ ನಗು ಇರುವುದು. 2020ರಲ್ಲಿ ಎಲ್ಲರೂ ಮನೆಯೊಳಗೆ ಕೂತಿದ್ದಾಗ ಗೆಳೆಯರ ಗುಂಪುಗಳು ವಿಡಿಯೊ ಕರೆಯಲ್ಲಿ ಇದನ್ನೇ ಆಡುತ್ತಿದ್ದವು. ಲೈಬ್ರರಿಗೆ ಇದು ಇನ್ನೂ ಚೆನ್ನಾಗಿ ಒಗ್ಗುತ್ತದೆ. ಪ್ರೊಜೆಕ್ಟರ್ ಇರುತ್ತದೆ, ಕುರ್ಚಿ ಇರುತ್ತದೆ, ಸುತ್ತ ಪುಸ್ತಕ ಇರುತ್ತದೆ. ಮುಖ್ಯವಾಗಿ, ಇಲ್ಲಿ ಯಾರೂ ಅಂಕ ಕೊಡುವುದಿಲ್ಲ.

ನಾನು ಇಂಥ ಕೆಲವು ಸಂಜೆಗಳನ್ನು ನಡೆಸಿದ್ದೇನೆ. ಕೆಲವು ಚೆನ್ನಾಗಿ ನಡೆದವು, ಒಂದೆರಡು ಮುಗ್ಗರಿಸಿದವು. ಕೆಳಗಿರುವುದರಲ್ಲಿ ಅರ್ಧಕ್ಕರ್ಧ ಮುಗ್ಗರಿಸಿ ಕಲಿತದ್ದು.

ಮೊದಲು ಆಟದ ನಿಯಮ ತೀರ್ಮಾನಿಸಿ

ಪೋಸ್ಟರ್ ಮಾಡುವ ಮುಂಚೆ, ದಿನಾಂಕ ಹಾಕುವ ಮುಂಚೆ, ಒಬ್ಬರಿಗೆ ಎಷ್ಟು ಸ್ಲೈಡು, ಎಷ್ಟು ಹೊತ್ತು ಎಂದು ನಿರ್ಧರಿಸಿ. ‘ಹತ್ತು ನಿಮಿಷದೊಳಗೆ ಏನಾದರೂ ಮಾಡಿ’ ಎಂದರೆ ಎರಡು ಅನಾಹುತ ಆಗುತ್ತವೆ. ಧೈರ್ಯ ಇರುವವರು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಾರೆ. ಧೈರ್ಯ ಇಲ್ಲದವರು ಹೆಸರೇ ಕೊಡುವುದಿಲ್ಲ.

ದೊಡ್ಡವರ ಲೋಕದಲ್ಲಿ ಇದಕ್ಕೆ ಆಗಲೇ ಒಳ್ಳೆಯ ಮಾದರಿಗಳಿವೆ. 2003ರಲ್ಲಿ ಟೋಕಿಯೊದಲ್ಲಿ ಆಸ್ಟ್ರಿಡ್ ಕ್ಲೈನ್ ಮತ್ತು ಮಾರ್ಕ್ ಡೈಥಮ್ ಎಂಬ ಇಬ್ಬರು ವಾಸ್ತುಶಿಲ್ಪಿಗಳು ಪೆಚಕುಚ ಶುರು ಮಾಡಿದರು. 20 ಸ್ಲೈಡು, ಒಂದೊಂದಕ್ಕೆ 20 ಸೆಕೆಂಡು, ಒಟ್ಟು 6 ನಿಮಿಷ 40 ಸೆಕೆಂಡು. ಸ್ಲೈಡು ತಾನಾಗಿಯೇ ಮುಂದೆ ಹೋಗುತ್ತದೆ, ಮಾತಾಡುವವರು ಅದರ ಹಿಂದೆ ಓಡಬೇಕು. ಮೈಕು ಸಿಕ್ಕರೆ ವಾಸ್ತುಶಿಲ್ಪಿಗಳು ಸುಲಭಕ್ಕೆ ಬಿಡುವುದಿಲ್ಲ ಎಂಬುದು ಅದರ ಹಿಂದಿದ್ದ ಕಾರಣ. 2006ರಲ್ಲಿ ಸಿಯಾಟಲ್‌ನಲ್ಲಿ ಇಗ್ನೈಟ್ ಎಂಬುದು ಹುಟ್ಟಿತು. ಅಲ್ಲೂ 20 ಸ್ಲೈಡು, ಆದರೆ 15 ಸೆಕೆಂಡಿಗೊಂದು, ಸರಿಯಾಗಿ 5 ನಿಮಿಷ.

ಹದಿಹರೆಯದವರಿಗೆ 20 ಸ್ಲೈಡು ಜಾಸ್ತಿ. ಮಾಡುವುದಕ್ಕೇ ಬೇಜಾರಾಗಿ ಅರ್ಧಕ್ಕೆ ಬಿಡುತ್ತಾರೆ. ನನ್ನ ಲೆಕ್ಕ: 12 ಸ್ಲೈಡು, ಒಂದೊಂದಕ್ಕೆ 15 ಸೆಕೆಂಡು, ಒಟ್ಟು 3 ನಿಮಿಷ. ಹದಿನೈದು ಸೆಕೆಂಡಿನಲ್ಲಿ ಎರಡು ಮೂರು ಚಿಕ್ಕ ವಾಕ್ಯ ಹೇಳಬಹುದು. ಯಾರು ಬೇಕಾದರೂ ಮೂರು ನಿಮಿಷ ನಿಲ್ಲಬಲ್ಲರು. ಕೇಳುವವರಿಗೂ, ಒಂದು ಚೆನ್ನಾಗಿಲ್ಲದಿದ್ದರೆ ಮೂರೇ ನಿಮಿಷದಲ್ಲಿ ಇನ್ನೊಂದು ಬರುತ್ತದೆ ಎಂಬ ನೆಮ್ಮದಿ.

ಸ್ಲೈಡು ತಾನಾಗಿ ಓಡುವುದರಿಂದ ಇನ್ನೊಂದು ಲಾಭ ಇದೆ, ಅದು ನನಗೆ ಎರಡನೇ ಸಲವಷ್ಟೇ ತಿಳಿದದ್ದು. ತಪ್ಪಾದರೆ ಅದು ಮಗುವಿನ ತಪ್ಪಾಗಿ ಕಾಣುವುದಿಲ್ಲ, ಗಡಿಯಾರದ ತಪ್ಪಾಗಿ ಕಾಣುತ್ತದೆ. ‘ಅಯ್ಯೋ, ಹೋಯ್ತು ಹೋಯ್ತು!’ ಎಂದು ಅವರು ಕೂಗುತ್ತಾರೆ, ಎಲ್ಲರೂ ಅವರ ಪರ ನಿಲ್ಲುತ್ತಾರೆ.

ಆದರೆ ಎಲ್ಲರಿಗೂ ಇದು ಹೊಂದುವುದಿಲ್ಲ. ಮಾತು ತಡೆತಡೆದು ಬರುವವರಿಗೆ, ಓದಲು ಸ್ವಲ್ಪ ಸಮಯ ಬೇಕಾದವರಿಗೆ ಓಡುವ ಸ್ಲೈಡು ಹಿಂಸೆ. ಹೆಸರು ಕೊಡುವ ಚೀಟಿಯಲ್ಲೇ ‘ಸ್ಲೈಡು ತಾನಾಗಿ ಓಡಲಿ / ನಾನೇ ಒತ್ತುತ್ತೇನೆ’ ಎಂದು ಎರಡು ಆಯ್ಕೆ ಹಾಕಿಬಿಡಿ. ಯಾರೂ ಕಾರಣ ಹೇಳಬೇಕಾಗಿಲ್ಲ. ಇಬ್ಬರು ಸೇರಿ ಮಾಡುವುದಕ್ಕೂ ಅವಕಾಶ ಇರಲಿ. ಒಬ್ಬರು ಮಾಡುವುದು, ಇನ್ನೊಬ್ಬರು ಮಾತಾಡುವುದು ಅಂತಲೂ ಆಗಬಹುದು.

ದಿನ, ಹೊತ್ತು, ತಲೆಲೆಕ್ಕ

ಇದು ಬೇಗ ಮುಗಿಯುವ ಕೆಲಸ. ಪರೀಕ್ಷೆಗಳಿಲ್ಲದ ವಾರ ನೋಡಿಕೊಳ್ಳಿ. ಐದಾರು ವಾರ ಮುಂಚೆ ಘೋಷಿಸಿ. ಮಾತಾಡುವವರು ಎಂಟರಿಂದ ಹತ್ತು ಜನ ಸಾಕು. ಹತ್ತು ಜನ, ತಲಾ 3 ನಿಮಿಷ, ಅಂದರೆ 30 ನಿಮಿಷ. ಒಬ್ಬರು ಇಳಿದು ಇನ್ನೊಬ್ಬರು ಹತ್ತಿ, ಒಂದು ಪ್ರಶ್ನೆ ಕೇಳಿ ಮುಗಿಯುವಷ್ಟರಲ್ಲಿ ತಲಾ ಇನ್ನೆರಡು ನಿಮಿಷ ಹಿಡಿಯುತ್ತದೆ, ಅಲ್ಲಿಗೆ 50. ನಡುವೆ ವಿರಾಮ, ಒಂದು ಆಟ, ಕೊನೆಗೆ ಬಹುಮಾನ. ಒಂದೂವರೆ ಗಂಟೆಯಲ್ಲಿ ಎಲ್ಲ ಮುಗಿಯಬೇಕು. ಅದಕ್ಕಿಂತ ಉದ್ದ ಎಳೆದರೆ ಕೊನೆಯಲ್ಲಿ ಮಾತಾಡುವ ಪಾಪದ ಮಗುವಿಗೆ ಖಾಲಿ ಕುರ್ಚಿಗಳೇ ಗತಿ.

ತಿನ್ನಲು ಏನಾದರೂ ಇಡುವುದಿದ್ದರೆ ವಿರಾಮಕ್ಕೆ ಮಾತ್ರ ಇಡಿ. ಕುರುಕುರು ಸದ್ದು ಮಾಡುವಂಥದ್ದು ಬೇಡ.

ಮಕ್ಕಳನ್ನು ಕರೆಯುವುದು

‘ಪ್ರಸ್ತುತಿ ಕೌಶಲ ಕಾರ್ಯಾಗಾರ’ ಎಂದು ಪೋಸ್ಟರಿನಲ್ಲಿ ಬರೆದರೆ ಒಬ್ಬರೂ ಬರುವುದಿಲ್ಲ. ಬಂದವರನ್ನು ಅವರಮ್ಮ ಕಳಿಸಿರುತ್ತಾರೆ. ಪೋಸ್ಟರಿನಲ್ಲೇ ಆ ಸಂಜೆಯ ರುಚಿ ಇರಬೇಕು. ನಾವು ಹಾಕಿದ್ದು ಹೀಗಿತ್ತು:

‘ನಿಮಗೆ ಅತಿಯಾಗಿ ಗೊತ್ತಿರುವ, ಯಾರಿಗೂ ಬೇಡದ ಒಂದು ವಿಷಯ ಇದೆಯಾ? ನಮಗೆ ಬೇಕು. 12 ಸ್ಲೈಡು. 3 ನಿಮಿಷ. ಅಂಕ ಇಲ್ಲ.’

ಕೆಳಗೆ ನಾಲ್ಕು ಮಾದರಿ ಶೀರ್ಷಿಕೆ. ‘ಲಿಫ್ಟಿನಲ್ಲಿ ಜನ ನಿಲ್ಲುವ ಏಳು ಬಗೆ’, ‘ಪಾರಿವಾಳಗಳು ನನ್ನನ್ನು ಗುರಾಯಿಸುತ್ತಿವೆ: ಸಾಕ್ಷಿ ಸಹಿತ’, ‘ಅಮ್ಮ ನನ್ನ ಪೂರ್ತಿ ಹೆಸರು ಹಿಡಿದು ಕರೆಯುವ ಸಂದರ್ಭಗಳು, ಗ್ರಾಫ್ ಸಮೇತ’, ‘ಡೈನೊಸಾರ್‌ಗಳಿಗೆ ಕೆಲಸ ಕೊಟ್ಟರೆ ಯಾವ ಇಲಾಖೆಗೆ?’ ಇಷ್ಟು ಸಾಕು. ಓದಿದವರಿಗೆ ತಮ್ಮದೊಂದು ತಾನಾಗಿ ಹೊಳೆಯುತ್ತದೆ.

ಪೋಸ್ಟರಿಗಿಂತ ಜಾಸ್ತಿ ಕೆಲಸ ಮಾಡುವುದು ಬಾಯಿಮಾತು. ದಿನಾ ಲೈಬ್ರರಿಗೆ ಬರುವ ಇಬ್ಬರು ಮೂವರನ್ನು ಮೊದಲೇ ಹಿಡಿಯಿರಿ. ಅವರು ಒಪ್ಪಿದರೆ ಅವರ ಗೆಳೆಯರು ಒಪ್ಪುತ್ತಾರೆ. ನಿರೂಪಣೆ, ಲ್ಯಾಪ್‌ಟಾಪ್ ನೋಡಿಕೊಳ್ಳುವುದು, ಸಮಯ ಹಿಡಿಯುವುದು, ಮತದ ಚೀಟಿ ಎಣಿಸುವುದು, ಇವುಗಳನ್ನೂ ಅವರಿಗೇ ಹಂಚಿ. ವೇದಿಕೆ ಅಂದರೆ ಹೆದರುವ ಮಕ್ಕಳಿಗೆ ಇದು ಒಳಗೆ ಬರುವ ಹಿಂಬಾಗಿಲು. ಮೊದಲ ಸಲ ಪ್ರೊಜೆಕ್ಟರ್ ನೋಡಿಕೊಂಡಿದ್ದ ಒಬ್ಬ ಹುಡುಗ ಎರಡನೇ ಸಲ ‘ಪ್ರೊಜೆಕ್ಟರ್ ಯಾಕೆ ನನ್ನನ್ನು ದ್ವೇಷಿಸುತ್ತದೆ’ ಎಂದು ಹೆಸರು ಕೊಟ್ಟ.

ವಿಷಯ ಹುಡುಕುವುದು, ನಿಜವಾದ ಕೆಲಸ ಇಲ್ಲಿದೆ

ನಿಮ್ಮ ಸಮಯದಲ್ಲಿ ಅರ್ಧ ಇಲ್ಲಿಗೆ ಹಾಕಿ. ಸ್ಲೈಡು ಸುಂದರವಾಗಿದ್ದು ವಿಷಯ ಸಪ್ಪೆಯಾಗಿದ್ದರೆ ಏನೂ ಆಗುವುದಿಲ್ಲ. ವಿಷಯ ಗಟ್ಟಿಯಾಗಿದ್ದರೆ ಸ್ಲೈಡು ಹೇಗಿದ್ದರೂ ನಡೆಯುತ್ತದೆ.

ಮಕ್ಕಳು ಮೊದಲು ಹೇಳುವುದು ಯಾವಾಗಲೂ ಶಾಲೆಯ ಪ್ರಾಜೆಕ್ಟಿನ ವಿಷಯವನ್ನೇ. ತಪ್ಪು ಅವರದಲ್ಲ, ಸ್ಲೈಡು ಅಂದರೆ ಅವರಿಗೆ ಗೊತ್ತಿರುವುದೇ ಅದು. ನಿಮ್ಮ ಕೆಲಸ ಎರಡು ಪ್ರಶ್ನೆ ಕೇಳುವುದು. ಒಂದು ಸಲ ಹೀಗಾಯಿತು.

‘ಮೇಡಂ, ನಾನು ಬೆಕ್ಕುಗಳ ಬಗ್ಗೆ ಮಾಡ್ತೀನಿ.’

‘ಬೆಕ್ಕುಗಳ ಬಗ್ಗೆ ಏನು?’

‘ಸುಮ್ನೆ, ಬೆಕ್ಕುಗಳು. ಎಷ್ಟು ಜಾತಿ, ಏನು ತಿನ್ನುತ್ತೆ, ಅದೆಲ್ಲ.’

‘ನಿಮ್ಮನೇಲಿ ಬೆಕ್ಕಿದೆಯಾ?’

‘ಇದೆ. ಆದ್ರೆ ಅದಕ್ಕೆ ಅಪ್ಪ ಅಂದ್ರೇನೇ ಇಷ್ಟ. ದಿನಾ ಊಟ ಹಾಕೋದು ನಾನು, ಹೋಗಿ ಮಲಗೋದು ಅಪ್ಪನ ಹತ್ರ.’

ಹೇಳುವಾಗ ಅವಳಿಗೆ ನಿಜಕ್ಕೂ ಸಿಟ್ಟು ಬಂದಿತ್ತು. ಅಲ್ಲೇ ಇತ್ತು ವಿಷಯ. ಎರಡು ವಾರ ಬಿಟ್ಟು ಅವಳು ತಂದ ಶೀರ್ಷಿಕೆ: ‘ನಮ್ಮ ಬೆಕ್ಕಿನ ವಿರುದ್ಧ ಒಂದು ದೂರು’. ಏಳು ದಿನ ಬೆಕ್ಕು ಎಲ್ಲೆಲ್ಲಿ ಮಲಗಿತು ಎಂದು ಪಟ್ಟಿ ಮಾಡಿದ್ದಳು. ಅಪ್ಪನ ಮಡಿಲು 19 ಸಲ, ಅಪ್ಪನ ಖಾಲಿ ಕುರ್ಚಿ 8 ಸಲ, ಅವಳ ಮಡಿಲು 1 ಸಲ. ಆ ಒಂದು ಸಲದ ಮೇಲೆ ನಕ್ಷತ್ರ ಚಿಹ್ನೆ ಹಾಕಿ ಕೆಳಗೆ ಚಿಕ್ಕದಾಗಿ ಬರೆದಿದ್ದಳು: ‘ಕರೆಂಟ್ ಹೋಗಿತ್ತು, ಗುರುತು ಸಿಕ್ಕಿರಲಿಕ್ಕಿಲ್ಲ.’

ಇದರಲ್ಲಿ ಹಿಡಿದುಕೊಳ್ಳಬೇಕಾದ್ದು: ವಿಷಯ ಚಿಕ್ಕದಾಗಿರಬೇಕು, ಅವರದೇ ಆಗಿರಬೇಕು, ಅದರ ಬಗ್ಗೆ ಅವರಿಗೆ ಒಂದು ಅಭಿಪ್ರಾಯ ಇರಬೇಕು. ‘ಬೆಕ್ಕುಗಳು’ ಅನ್ನುವುದಕ್ಕೆ ಅಭಿಪ್ರಾಯ ಇಲ್ಲ. ‘ನಮ್ಮ ಬೆಕ್ಕು ಅನ್ಯಾಯ ಮಾಡುತ್ತಿದೆ’ ಅನ್ನುವುದಕ್ಕೆ ಇದೆ. ಅಭಿಪ್ರಾಯ ಇದ್ದಲ್ಲಿ ಸಾಕ್ಷಿ ಬೇಕಾಗುತ್ತದೆ, ಸಾಕ್ಷಿ ಬೇಕೆಂದಾಗ ಪಟ್ಟಿ, ಗ್ರಾಫು, ಫೋಟೊ ತಾನಾಗಿ ಬರುತ್ತವೆ.

ಪೂರ್ತಿ ತಮಾಷೆ ಬೇಡ ಅನ್ನುವ ಮಕ್ಕಳೂ ಇರುತ್ತಾರೆ. ರೈಲಿನ ಸಿಗ್ನಲ್ ಬಗ್ಗೆ, ಶಾರ್ಕ್ ಹಲ್ಲುಗಳ ಬಗ್ಗೆ, ಒಂದು ವಿಡಿಯೊ ಗೇಮಿನ ನಕ್ಷೆಯ ಬಗ್ಗೆ ಗಂಟೆಗಟ್ಟಲೆ ಹೇಳಬಲ್ಲವರು. ಅವರನ್ನು ನಗಿಸಲು ದೂಡಬೇಡಿ. ಒಂದು ವಿಷಯದ ಮೇಲೆ ಪ್ರಾಣ ಇಟ್ಟುಕೊಂಡವರು ಮೂರು ನಿಮಿಷ ಮಾತಾಡಿದರೆ ಎಲ್ಲರೂ ಕೇಳುತ್ತಾರೆ.

ಗೆರೆ ಎಲ್ಲಿ ಎಳೆಯಬೇಕು

ಇದನ್ನು ಮೊದಲೇ ಹೇಳಿಬಿಡಿ, ಬರೆದು ಕೊಡಿ. ಕೋಣೆಯಲ್ಲಿರುವ ಯಾರನ್ನೂ, ಶಾಲೆಯ ಯಾರನ್ನೂ ಗುರಿ ಮಾಡುವಂತಿಲ್ಲ. ‘ನಮ್ಮ ತರಗತಿಯವರಿಗೆ ರ‍್ಯಾಂಕ್’ ಅನ್ನುವುದು ಇಂಥ ಸಂಜೆಗಳಲ್ಲಿ ಮೇಲೇಳುವ ವಿಷಯ, ಅದನ್ನು ಅಲ್ಲೇ ನಿಲ್ಲಿಸಿ. ನೋಟ, ಮೈಬಣ್ಣ, ತೂಕ, ಜಾತಿ, ಧರ್ಮ, ಯಾರು ಯಾರನ್ನು ಇಷ್ಟಪಡುತ್ತಾರೆ, ಇವು ಯಾವುದೂ ಬೇಡ. ಮನೆಯವರ ಫೋಟೊ, ಅವರ ಮೆಸೇಜಿನ ಸ್ಕ್ರೀನ್‌ಶಾಟ್ ಹಾಕುವುದಿದ್ದರೆ ಅವರನ್ನು ಕೇಳಿರಬೇಕು. ತಮ್ಮನ್ನೇ ಗೇಲಿ ಮಾಡಿಕೊಳ್ಳುವುದಕ್ಕೆ ಅಡ್ಡಿಯಿಲ್ಲ, ಆದರೆ ಅದೂ ಒಂದು ಹದ ಮೀರಿದರೆ ಪಕ್ಕಕ್ಕೆ ಕರೆದು ಮಾತಾಡಿ. ನಗುವಿನ ಹಿಂದೆ ಬೇರೇನೋ ಇರಬಹುದು.

ಅದಕ್ಕೇ ಪ್ರತಿಯೊಂದು ಕಡತವನ್ನೂ ನೀವು ಮೊದಲೇ ಪೂರ್ತಿ ನೋಡಿರಬೇಕು. ನೋಡದ ಸ್ಲೈಡು ಪರದೆಗೆ ಹೋಗಬಾರದು. ಇದರಲ್ಲಿ ದಾಕ್ಷಿಣ್ಯ ಬೇಡ.

ಫೋಟೊ, ವಿಡಿಯೊ ತೆಗೆಯುವ ವಿಚಾರಕ್ಕೂ ಇದೇ ಮಾತು. ಮಕ್ಕಳು 18ರೊಳಗಿನವರು. ಪೋಷಕರು ಬರೆದುಕೊಟ್ಟ ಒಪ್ಪಿಗೆ ಇಲ್ಲದೆ ಮುಖ ಕಾಣುವ ಚಿತ್ರ ಎಲ್ಲೂ ಹಾಕಬೇಡಿ. ನನ್ನ ಅಭಿಪ್ರಾಯ ಕೇಳಿದರೆ, ವಿಡಿಯೊ ತೆಗೆಯದೇ ಇರುವುದು ಒಳ್ಳೆಯದು. ಫೋನು ಎತ್ತಿದ ಕೂಡಲೇ ಮಕ್ಕಳು ಮುದುಡಿಕೊಳ್ಳುತ್ತಾರೆ. ಬಾಗಿಲಲ್ಲೇ ‘ಇವತ್ತು ಇಲ್ಲಿ ನಡೆದದ್ದು ಫೋನಿನೊಳಗೆ ಹೋಗುವುದಿಲ್ಲ’ ಎಂದು ಒಂದು ಬೋರ್ಡು ಹಾಕಿ. ನೆನಪಿಗೆ ಬೇಕಾದರೆ ಕೊನೆಯಲ್ಲಿ ಖಾಲಿ ವೇದಿಕೆ, ಪರದೆ, ಹಿಂದಿನಿಂದ ತೆಗೆದ ತಲೆಗಳ ಚಿತ್ರ ಸಾಕು.

ಒಂದು ಗಂಟೆಯ ತಯಾರಿ

ಕಾರ್ಯಕ್ರಮಕ್ಕೆ ಎರಡು ವಾರ ಮುಂಚೆ ಹೆಸರು ಕೊಟ್ಟವರನ್ನೆಲ್ಲ ಒಂದು ಗಂಟೆ ಕೂರಿಸಿ. ಪಾಠ ಮಾಡಬೇಡಿ. ನೀವೇ ಒಂದು ತೋರಿಸಿ. ನಾನು ‘ಈ ಲೈಬ್ರರಿಯ ಕುರ್ಚಿಗಳ ವಿಮರ್ಶೆ’ ಮಾಡಿದ್ದೆ. ಕಿಟಕಿ ಪಕ್ಕದ ಕುಂಟುವ ಕುರ್ಚಿಗೆ ‘ಸಾಹಸ ಪ್ರಿಯರಿಗೆ’ ಎಂದು ಮೂರು ನಕ್ಷತ್ರ ಕೊಟ್ಟೆ. ದೊಡ್ಡವರೇ ಹೀಗೆ ಮರ್ಯಾದೆ ಕಳಕೊಳ್ಳುವುದನ್ನು ನೋಡಿದ ಮೇಲೆ ಮಕ್ಕಳಿಗೆ ಧೈರ್ಯ ಬರುತ್ತದೆ.

ಆಮೇಲೆ ಹೇಳಿಕೊಡಬೇಕಾದ್ದು ಸ್ವಲ್ಪವೇ. ಒಂದು ಸ್ಲೈಡಿಗೆ ಒಂದು ಮಾತು, ಒಂದು ಚಿತ್ರ. ಹೇಳುವುದನ್ನೇ ಸ್ಲೈಡಿನಲ್ಲಿ ಬರೆದರೆ ಜನ ಓದುತ್ತಾರೆ, ಕೇಳುವುದಿಲ್ಲ. ಅಕ್ಷರ ದೊಡ್ಡದಿರಲಿ. ಗೈ ಕವಾಸಾಕಿ ಎಂಬ ಉದ್ಯಮಿ ಹೇಳಿದ 10-20-30 ಸೂತ್ರ ಹೆಸರಾದದ್ದು: 10 ಸ್ಲೈಡು, 20 ನಿಮಿಷ, ಅಕ್ಷರದ ಗಾತ್ರ 30ಕ್ಕಿಂತ ಕಡಿಮೆ ಬೇಡ. ಮೊದಲ ಎರಡು ನಮಗೆ ಬೇಡ, ಮೂರನೆಯದನ್ನು ಎತ್ತಿಕೊಳ್ಳಿ.

ತಮಾಷೆಯ ಸ್ಲೈಡಿನಲ್ಲಿ ಮುಖ್ಯವಾದದ್ದು ಸಮಯ. ನಗುವಿನ ಮಾತನ್ನು ಮೊದಲು ಬಾಯಲ್ಲಿ ಹೇಳಬೇಕಾ, ಪರದೆಯಲ್ಲಿ ತೋರಿಸಬೇಕಾ? ಇದನ್ನು ಮಕ್ಕಳ ಜೊತೆ ಕೂತು ಆಡಿ ನೋಡಿ. ‘ಮುಖ್ಯ ಶಂಕಿತ ಯಾರೆಂದರೆ...’ ಎಂದು ನಿಲ್ಲಿಸಿ, ಸ್ಲೈಡು ಬದಲಾಗಿ, ಪರದೆ ತುಂಬ ನಾಯಿಯ ಮುಗ್ಧ ಮುಖ ಬಂದರೆ ಹೆಚ್ಚಿಗೆ ಏನೂ ಹೇಳಬೇಕಾಗಿಲ್ಲ. ಅದೇ ಸ್ಲೈಡಿನಲ್ಲಿ ‘ಮುಖ್ಯ ಶಂಕಿತ: ನಾಯಿ’ ಎಂದು ಬರೆದುಬಿಟ್ಟರೆ ಮುಗಿಯಿತು, ಗಾಳಿ ಹೋದ ಬಲೂನು. ಕಂಪನಿಯವರ ಭಾಷೆಯನ್ನು ಗೇಲಿ ಮಾಡುವುದೂ ಚೆನ್ನಾಗಿ ನಡೆಯುತ್ತದೆ: ‘ಮುಂದಿನ ಹೆಜ್ಜೆಗಳು’, ‘ಸವಾಲುಗಳು ಮತ್ತು ಅವಕಾಶಗಳು’, ಮೇಲಕ್ಕೆ ಹೋಗುವ ಬಾಣ, ಏನೂ ಅರ್ಥವಾಗದ ಒಂದು ಗ್ರಾಫು.

ಚಿತ್ರಗಳ ವಿಚಾರಕ್ಕೆ ಎರಡು ನಿಮಿಷ ಕೊಡಿ. ಹುಡುಕಿದಾಗ ಸಿಕ್ಕಿದ್ದೆಲ್ಲ ಪುಕ್ಕಟೆ ಅಲ್ಲ. ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಮುಕ್ತವಾಗಿ ಬಳಸಬಹುದಾದ ಕೋಟಿಗಟ್ಟಲೆ ಚಿತ್ರಗಳಿವೆ, ಕೆಳಗೆ ತೆಗೆದವರ ಹೆಸರು ಹಾಕಬೇಕೋ ಬೇಡವೋ ಅಲ್ಲೇ ಬರೆದಿರುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ಅವರೇ ಫೋಟೊ ತೆಗೆಯುವುದು, ಇಲ್ಲವೇ ಗೀಚುವುದು. ಕೆಟ್ಟದಾಗಿ ಬರೆದ ಚಿತ್ರ ಒಳ್ಳೆಯ ಫೋಟೊಗಿಂತ ಜಾಸ್ತಿ ನಗಿಸುತ್ತದೆ.

ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಕ್ಕಳನ್ನು ಮರೆಯಬೇಡಿ. ಲೈಬ್ರರಿಯ ಕಂಪ್ಯೂಟರಿನಲ್ಲಿ ಅವರಿಗಾಗಿ ಎರಡು ದಿನ ಸಮಯ ಎತ್ತಿಡಿ. ಕಾಗದದ ಮೇಲೆ ಹನ್ನೆರಡು ಚಿತ್ರ ಬರೆದು ತಂದರೂ ಆಯಿತು, ಫೋಟೊ ತೆಗೆದು ಸ್ಲೈಡಿಗೆ ಹಾಕಿಬಿಡಬಹುದು.

ಕಡತಗಳನ್ನು ಒಟ್ಟು ಮಾಡುವುದು

ಮೊದಲ ಸಲ ನಾನು ‘ಅವತ್ತೇ ಪೆನ್ ಡ್ರೈವಿನಲ್ಲಿ ತನ್ನಿ’ ಅಂದಿದ್ದೆ. ಏಳು ಪೆನ್ ಡ್ರೈವ್ ಬಂದವು. ಒಂದರಲ್ಲಿ ವೈರಸ್, ಒಂದರಲ್ಲಿ ಕಡತದ ಶಾರ್ಟ್‌ಕಟ್ ಮಾತ್ರ, ಇನ್ನೊಂದರಲ್ಲಿ ಯಾರದೋ ಮದುವೆ ಫೋಟೊಗಳು. ಜನ ಕೂತಿದ್ದಾರೆ, ನಾನು ಬೆವರುತ್ತಿದ್ದೇನೆ.

ಈಗ ಮಾಡುವುದು ಹೀಗೆ. ಮೂರು ದಿನ ಮುಂಚೆ ಎಲ್ಲರೂ ಕಡತ ಕಳಿಸಬೇಕು. ಎಲ್ಲವನ್ನೂ ಒಂದೇ ಲ್ಯಾಪ್‌ಟಾಪಿಗೆ ಹಾಕಿ, ಸರದಿಯ ಪ್ರಕಾರ 01, 02 ಎಂದು ಹೆಸರು ಬದಲಿಸುತ್ತೇನೆ. ಆಮೇಲೆ ಒಂದೊಂದನ್ನೂ ಅದೇ ಲ್ಯಾಪ್‌ಟಾಪಿನಲ್ಲಿ ಕೊನೆಯವರೆಗೆ ಓಡಿಸುತ್ತೇನೆ. ಇಂಗ್ಲಿಷ್ ಅಲ್ಲದ ಲಿಪಿಯಲ್ಲಿ ಮಾಡಿದ ಸ್ಲೈಡುಗಳಲ್ಲಿ ಆ ಫಾಂಟ್ ಈ ಯಂತ್ರದಲ್ಲಿ ಇಲ್ಲದಿದ್ದರೆ ಅಕ್ಷರ ಚೌಕಚೌಕವಾಗಿ ಒಡೆಯುತ್ತದೆ. ಯೂನಿಕೋಡ್ ಫಾಂಟ್ ಬಳಸಲು ಮೊದಲೇ ಹೇಳಿ. ಜೊತೆಗೆ ಪ್ರತಿ ಕಡತದ್ದೂ ಒಂದು ಪಿಡಿಎಫ್ ಇಟ್ಟುಕೊಳ್ಳಿ. ಏನೇ ಕೈಕೊಟ್ಟರೂ ಪಿಡಿಎಫ್ ತೆರೆಯುತ್ತದೆ.

ವಿಡಿಯೊ, ಹಾಡು ಸೇರಿಸುತ್ತೇವೆ ಅಂದರೆ ಮೊದಲ ಸಲಕ್ಕೆ ಬೇಡ ಅನ್ನಿ. ಓಡಿದರೂ ಧ್ವನಿ ಬರುವುದಿಲ್ಲ, ಧ್ವನಿ ಬಂದರೆ ಕಿವಿ ಹರಿಯುವಷ್ಟು ಬರುತ್ತದೆ.

ಸಮಯ ಹಾಕುವುದು ಸುಲಭ. ಪವರ್‌ಪಾಯಿಂಟ್‌ನಲ್ಲಿ ‘ಟ್ರಾನ್ಸಿಶನ್ಸ್’ ಟ್ಯಾಬಿಗೆ ಹೋಗಿ. ‘ಆನ್ ಮೌಸ್ ಕ್ಲಿಕ್’ ಗುರುತು ತೆಗೆದು, ‘ಆಫ್ಟರ್’ ಎಂಬುದಕ್ಕೆ ಗುರುತು ಹಾಕಿ, 15 ಸೆಕೆಂಡು ಕೊಟ್ಟು ‘ಅಪ್ಲೈ ಟು ಆಲ್’ ಒತ್ತಿ. ಶೀರ್ಷಿಕೆಯ ಸ್ಲೈಡಿಗೆ ಮಾತ್ರ ಇದನ್ನು ಉಲ್ಟಾ ಮಾಡಿ, ಕ್ಲಿಕ್ಕಿಗೇ ಬಿಡಿ. ಮಗು ಬಂದು, ಮೈಕು ಸರಿ ಮಾಡಿಕೊಂಡು, ಉಸಿರು ಎಳೆದುಕೊಂಡು, ತಯಾರಾದ ಮೇಲೆ ಒತ್ತಲಿ. ಗೂಗಲ್ ಸ್ಲೈಡ್ಸ್‌ನಲ್ಲೂ ತಾನಾಗಿ ಓಡಿಸಬಹುದು. ಅಲ್ಲಿನ ಪಟ್ಟಿಯಲ್ಲಿ 15 ಸೆಕೆಂಡು ಇದೆ, 20 ಇಲ್ಲ. ನಾನು 15ಕ್ಕೆ ಅಂಟಿಕೊಂಡಿರುವುದಕ್ಕೆ ಇದೂ ಒಂದು ಕಾರಣ.

ಕೋಣೆ ಮತ್ತು ಯಂತ್ರಗಳು

ಹಿಂದಿನ ದಿನವೇ ಎಲ್ಲ ಜೋಡಿಸಿ ನೋಡಿ, ಅದೇ ಹೊತ್ತಿನಲ್ಲಿ. ಸಂಜೆ ಐದರ ಬಿಸಿಲು ನೇರ ಪರದೆಗೆ ಬೀಳುತ್ತದೆ ಎಂದು ಬೆಳಿಗ್ಗೆ ಹತ್ತಕ್ಕೆ ಗೊತ್ತಾಗುವುದಿಲ್ಲ. ಕೇಬಲ್ ಸಿಕ್ಕಿಸುವ ಕಿಂಡಿ ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಬಗೆಯದಾ, ಪ್ರೊಜೆಕ್ಟರಿನಲ್ಲಿ ಹಳೆಯ ವಿಜಿಎ ಮಾತ್ರ ಇದೆಯಾ ನೋಡಿ, ಬೇಕಾದ ಅಡಾಪ್ಟರ್ ತಂದಿಡಿ. ಎಕ್ಸ್‌ಟೆನ್ಷನ್ ಬೋರ್ಡ್, ದೂರದಿಂದ ಸ್ಲೈಡು ಬದಲಿಸುವ ಒಂದು ಕ್ಲಿಕ್ಕರ್, ಅದಕ್ಕೆ ಇನ್ನೊಂದು ಜೊತೆ ಸೆಲ್. ವೈರುಗಳ ಮೇಲೆ ಟೇಪ್ ಅಂಟಿಸಿ, ಉತ್ಸಾಹದಲ್ಲಿ ಓಡಿಬರುವವರು ಮುಗ್ಗರಿಸುತ್ತಾರೆ. ಚಿತ್ರ ಪರದೆಗೆ ಬರದಿದ್ದರೆ ವಿಂಡೋಸ್ ಕೀ ಜೊತೆ ಪಿ ಒತ್ತಿ ‘ಡೂಪ್ಲಿಕೇಟ್’ ಆರಿಸಿ.

ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು ಒಂದು ಸ್ಲೈಡು ಓದಿ. ಆಗದಿದ್ದರೆ ಕುರ್ಚಿ ಮುಂದೆ ತನ್ನಿ. ಮಾತಾಡುವವರು ಪರದೆಯ ಬದಿಗೆ ನಿಲ್ಲುವ ಜಾಗಕ್ಕೆ ನೆಲದ ಮೇಲೆ ಟೇಪಿನ ಗುರುತು ಹಾಕಿ, ಇಲ್ಲವಾದರೆ ಬೆಳಕಿಗೆ ಅಡ್ಡ ಬಂದು ಹಣೆಯ ಮೇಲೆ ಪೈ ಚಾರ್ಟ್ ಮೂಡುತ್ತದೆ. ಅವರೂ ತಮ್ಮ ಸ್ಲೈಡು ನೋಡುವಂತೆ ಲ್ಯಾಪ್‌ಟಾಪ್ ಅವರ ಎದುರಿಗಿರಲಿ. ಬೆನ್ನು ತಿರುಗಿಸುವುದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಇನ್ನೊಂದು, ಇದು ನನ್ನ ಹೊಟ್ಟೆಯುರಿ: ನೋಟಿಫಿಕೇಶನ್ ಆಫ್ ಮಾಡಿ. ನಾನು ನನ್ನದೇ ಲ್ಯಾಪ್‌ಟಾಪ್ ಕೊಟ್ಟಿದ್ದೆ. ಶಾರ್ಕ್ ಹಲ್ಲುಗಳ ಬಗ್ಗೆ ಮಾತು ನಡೆಯುತ್ತಿದ್ದಾಗ ಪರದೆಯ ಮೂಲೆಯಲ್ಲಿ ‘ನಾಳೆ 11ಕ್ಕೆ: ಹಲ್ಲು ಕೀಳಿಸುವುದು’ ಎಂದು ಬಂತು. ಆ ಸಂಜೆ ಜಾಸ್ತಿ ಚಪ್ಪಾಳೆ ಬಿದ್ದದ್ದು ಅದಕ್ಕೇ.

ಆ ಸಂಜೆ

ಮೊದಲ ಸರದಿ ಯಾರಿಗೆ ಅನ್ನುವುದು ದೊಡ್ಡ ಪ್ರಶ್ನೆ. ಚೀಟಿ ಎತ್ತಬೇಡಿ. ತುಂಬಾ ಚೆನ್ನಾಗಿ ಮಾತಾಡುವವರನ್ನೂ ಮೊದಲು ಹಾಕಬೇಡಿ, ಉಳಿದವರ ಎದೆ ಒಡೆಯುತ್ತದೆ. ಆರಾಮಾಗಿ ಇರುವ, ತಪ್ಪಾದರೆ ನಕ್ಕುಬಿಡುವ ಒಬ್ಬರು ಮೊದಲು ಬರಲಿ. ಜಾಸ್ತಿ ಹೆದರಿದವರನ್ನು ಮೂರನೆಯವರಾಗಿ ಹಾಕಿ. ಆಗ ಕೋಣೆ ಬೆಚ್ಚಗಾಗಿರುತ್ತದೆ, ಕಾಯುವ ಹಿಂಸೆಯೂ ಉದ್ದವಾಗುವುದಿಲ್ಲ.

ನಿರೂಪಕರು ಮಕ್ಕಳಲ್ಲೇ ಒಬ್ಬರಾಗಿರಲಿ. ಪ್ರತಿಯೊಬ್ಬರನ್ನೂ ‘ಡಾಕ್ಟರ್’, ‘ಹಿರಿಯ ತಜ್ಞರು’ ಎಂದು ಪರಿಚಯಿಸಲಿ: ‘ಮುಂದಿನವರು ಪಾರಿವಾಳ ವ್ಯವಹಾರಗಳಲ್ಲಿ ಎಂಟು ವರ್ಷ ಅನುಭವ ಇರುವವರು.’ ಗಂಭೀರ ಮುಖದ ಆಟ ಅಲ್ಲಿಂದಲೇ ಶುರುವಾಗುತ್ತದೆ.

ಪ್ರತಿ ಸರದಿ ಮುಗಿದ ಮೇಲೆ ಒಂದೇ ಪ್ರಶ್ನೆ. ಅದನ್ನೂ ಆಟದೊಳಗೇ ಕೇಳಬೇಕು: ‘ನಾಯಿಯ ಹೇಳಿಕೆ ಪಡೆದಿದ್ದೀರಾ?’ ಆ ಹೊತ್ತಿನಲ್ಲಿ ಕೀಬೋರ್ಡಿನ ಬಿ ಒತ್ತಿದರೆ ಪರದೆ ಕಪ್ಪಾಗುತ್ತದೆ, ಎಲ್ಲರ ಕಣ್ಣು ಮಾತಾಡುವವರ ಕಡೆ ಬರುತ್ತದೆ. ಮತ್ತೆ ಬಿ ಒತ್ತಿದರೆ ಸ್ಲೈಡು ವಾಪಸ್.

ಯಾರಾದರೂ ನಡುವೆ ಮಾತು ಮರೆತು ನಿಂತರೆ? ನಿಲ್ಲುತ್ತಾರೆ, ಪ್ರತಿ ಸಲ ಒಬ್ಬರಾದರೂ. ಓಡಿಹೋಗಿ ಕಾಪಾಡಬೇಡಿ. ಇದಕ್ಕೆ ಮೊದಲೇ ಒಂದು ನಿಯಮ ಮಾಡಿಕೊಂಡಿರಿ: ಮಾತು ನಿಂತರೆ ಆ ಸ್ಲೈಡಿಗೆ ಪ್ರೇಕ್ಷಕರು ಮಾತು ಕೊಡಬಹುದು. ಒಬ್ಬಳು ಆರನೇ ಸ್ಲೈಡಿನಲ್ಲಿ ಕಲ್ಲಾಗಿ ನಿಂತಾಗ ಹಿಂದಿನ ಸಾಲಿನಿಂದ ‘ಇಲ್ಲಿ ನೀವು ನೋಡುತ್ತಿರುವುದು...’ ಎಂದು ಒಬ್ಬ ಶುರು ಮಾಡಿದ. ಅವಳು ನಕ್ಕು, ‘ಅಲ್ಲ, ಅದು ಬಕೆಟ್’ ಎಂದು ತಿದ್ದಿ, ಮುಂದುವರಿಸಿದಳು.

ವಿರಾಮದ ನಂತರ ಒಂದು ಆಟ ಇಡಿ, ಪವರ್‌ಪಾಯಿಂಟ್ ಕರಾವೊಕೆ. 2006ರಲ್ಲಿ ಬರ್ಲಿನ್‌ನಲ್ಲಿ ಶುರುವಾದ ಕಿತಾಪತಿ ಇದು. ಮಾತಾಡುವವರು ಮೊದಲ ಸಲ ನೋಡುತ್ತಿರುವ ಸ್ಲೈಡುಗಳಿಗೆ ಅಲ್ಲೇ ನಿಂತು ಮಾತು ಹುಟ್ಟಿಸಬೇಕು. ನೀವು ಮೊದಲೇ ಆರು ಸ್ಲೈಡಿನ ನಾಲ್ಕೈದು ಕಟ್ಟು ಮಾಡಿಟ್ಟುಕೊಳ್ಳಿ: ಒಂದು ಭಾರಿ ಶೀರ್ಷಿಕೆ, ಒಂದು ಹಳೆಯ ಕಪ್ಪುಬಿಳುಪು ಚಿತ್ರ, ಒಂದು ಅರ್ಥವಾಗದ ಗ್ರಾಫು, ಸುಮ್ಮನೆ ಒಂದು ಆಮೆ, ‘ಮೂರು ಮುಖ್ಯ ಕಾರಣಗಳು’ ಎಂದಷ್ಟೇ ಇರುವ ಸ್ಲೈಡು, ಕೊನೆಗೆ ‘ಧನ್ಯವಾದ’. ಮೊದಲು ನೀವು ಹೋಗಿ. ಆಮೇಲೆ ಬಂದಿರುವ ಒಬ್ಬ ಅಪ್ಪನನ್ನೋ ಅಮ್ಮನನ್ನೋ ಎಳೆಯಿರಿ. ಅಷ್ಟು ಹೊತ್ತಿಗೆ ಮುಂಚೆ ಹೆಸರೇ ಕೊಡದಿದ್ದ ಮಕ್ಕಳು ಕೈ ಎತ್ತುತ್ತಾರೆ.

ಬಹುಮಾನ

ಒಂದು, ಎರಡು, ಮೂರು ಎಂದು ಸ್ಥಾನ ಕೊಡಬೇಡಿ. ಕೊಟ್ಟರೆ ಮಾರನೇ ಸಲ ಶಾಲೆಯ ಸ್ಪರ್ಧೆ ಆಗಿಬಿಡುತ್ತದೆ. ಪ್ರೇಕ್ಷಕರಿಗೆ ಒಂದೊಂದು ಚೀಟಿ, ಪೆನ್ನು ಕೊಟ್ಟು ಎರಡು ಮೂರು ವಿಚಿತ್ರ ವಿಭಾಗಗಳಿಗೆ ಮತ ಹಾಕಿಸಿ. ‘ಅನಗತ್ಯ ಗ್ರಾಫ್ ಪ್ರಶಸ್ತಿ’, ‘ಕೊನೆಯವರೆಗೂ ನಗದ ಮುಖ’, ‘ನಾವು ನಂಬಿಬಿಟ್ಟೆವು’. ಉಳಿದ ಎಲ್ಲರಿಗೂ ಅವರವರ ಸ್ಲೈಡು ನೋಡಿಕೊಂಡು ನೀವೇ ಒಂದು ಬಿರುದು ಬರೆದು ಕೊಡಿ. ಬೆಕ್ಕಿನ ಹುಡುಗಿಗೆ ನಾವು ‘ಹಿರಿಯ ದೂರುದಾರರು’ ಎಂದು ಮುದ್ರೆ ಒತ್ತಿ ಕೊಟ್ಟೆವು. ಅವಳಪ್ಪ ಅದನ್ನು ಫ್ರೇಮ್ ಹಾಕಿಸಿದರಂತೆ. ಬೆಕ್ಕು ಈಗಲೂ ಅವರ ಮಡಿಲಲ್ಲೇ.

ಬಾಗಿಲ ಪಕ್ಕ ಒಂದು ಮೇಜಿಟ್ಟು, ಆ ಸಂಜೆಯ ವಿಷಯಗಳಿಗೆ ಸಂಬಂಧಪಟ್ಟ ಪುಸ್ತಕಗಳನ್ನು ಹರಡಿ. ಪಾರಿವಾಳ, ಶಾರ್ಕ್, ಪತ್ತೇದಾರಿ ಕಥೆ, ಯಾವುದಿದ್ದರೆ ಅದು. ಮೂರು ದಿನ ಮುಂಚೆ ಕಡತ ಕೈಸೇರಿರುತ್ತದೆ, ಹುಡುಕುವುದಕ್ಕೆ ಸಮಯ ಇರುತ್ತದೆ. ‘ಓದಿ’ ಎಂದು ಬೋರ್ಡು ಬೇಡ. ನಗುತ್ತಾ ಹೊರಗೆ ಹೋಗುವವರು ತಾವಾಗಿ ನಿಲ್ಲುತ್ತಾರೆ.

ಮುಗಿದ ಮರುವಾರ, ನೆನಪು ಬಿಸಿಯಿರುವಾಗಲೇ, ಸಹಾಯ ಮಾಡಿದ ಮಕ್ಕಳನ್ನು ಕರೆದು ಕೂರಿಸಿ. ಏನು ಎಳೆಯಿತು, ಏನು ಕಡಿಮೆ ಬಿತ್ತು, ಮುಂದಿನ ಸಲ ಯಾರು ಏನು ನೋಡಿಕೊಳ್ಳುತ್ತಾರೆ ಎಂದು ಅವರೇ ಬರೆಯಲಿ. ಕಡತಗಳನ್ನು ಲ್ಯಾಪ್‌ಟಾಪಿನಿಂದ ಅಳಿಸಿ, ಬೇಕೆಂದವರಿಗೆ ಅವರ ಕಡತ ಮಾತ್ರ ವಾಪಸ್ ಕೊಡಿ. ಕುರ್ಚಿ, ಕೇಬಲ್, ಅಡಾಪ್ಟರ್ ಎಣಿಸಿ ಒಳಗಿಡಿ. ಪೆನ್ನುಗಳನ್ನೂ ಎಣಿಸಿ. ಮತ ಹಾಕಲು ನಾವು ಅವತ್ತು ಮೂವತ್ತು ಪೆನ್ನು ಕೊಟ್ಟಿದ್ದೆವು. ಮೂವತ್ತೂ ವಾಪಸ್ ಬಂದವು. ಮುಚ್ಚಳ ಮಾತ್ರ ಇಪ್ಪತ್ತೆರಡು.